ಶೇಷ ಉಳಿದರೆ ಸಂದೇಶ ಕೆಟ್ಟಿದೆ

ಬಹುಪದೋಕ್ತಿಗಳ ಭಾಗಾಕಾರ ಶುರುವಾದ ಕೂಡಲೇ ಹೈಸ್ಕೂಲ್ ಮಕ್ಕಳು ಕೇಳುವುದು ಒಂದೇ: ‘ಇದು ಎಲ್ಲಿ ಉಪಯೋಗಕ್ಕೆ ಬರುತ್ತೆ ಸಾರ್?’ ಹಾಸನದ ಮಕ್ಕಳಿಗಾದರೆ ಉತ್ತರ ಊರಲ್ಲೇ ಇದೆ. ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿಯ ದೊಡ್ಡ ಡಿಶ್ ಆಂಟೆನಾಗಳಿವೆ. ಸುಮಾರು 36,000 ಕಿ.ಮೀ. ಎತ್ತರದ ಉಪಗ್ರಹಗಳ ಜೊತೆ ಅಲ್ಲಿಂದ ಮಾತುಕತೆ ನಡೆಯುತ್ತದೆ. ಅಷ್ಟು ದೂರ ಹೋಗುವ ಸಂದೇಶದಲ್ಲಿ ಒಂದು 0 ಹೋಗಿ 1 ಆದರೆ ಗೊತ್ತಾಗುವುದು ಹೇಗೆ? ಭಾಗಿಸಿ ನೋಡಬೇಕು.

ಮೊದಲು ಶಾಲೆಯ ಲೆಕ್ಕ. ಎಕ್ಸ್³ − 2ಎಕ್ಸ್ + 5 ಅನ್ನು ಎಕ್ಸ್ − 2ರಿಂದ ಭಾಗಿಸೋಣ. ಇಲ್ಲಿ ಎಕ್ಸ್² ಪದವೇ ಇಲ್ಲ. ಅದರ ಜಾಗಕ್ಕೆ 0ಎಕ್ಸ್² ಬರೆದುಕೊಳ್ಳಿ. ಇಲ್ಲದಿದ್ದರೆ ಪದಗಳು ಒಂದರ ಕೆಳಗೊಂದು ಸರಿಯಾಗಿ ಕೂರಲ್ಲ. ಈಗ ಮೊದಲ ಪದ ಮಾತ್ರ ನೋಡಿ. ಎಕ್ಸ್³ ಬರಬೇಕಾದರೆ ಎಕ್ಸ್ ಅನ್ನು ಎಕ್ಸ್²ರಿಂದ ಗುಣಿಸಬೇಕು. ಇಡೀ ಭಾಜಕವನ್ನು ಗುಣಿಸಿದರೆ ಎಕ್ಸ್³ − 2ಎಕ್ಸ್². ಕಳೆದರೆ 2ಎಕ್ಸ್² ಉಳಿಯುತ್ತದೆ. ಮೈನಸ್ಸನ್ನು ಕಳೆದರೆ ಪ್ಲಸ್, ಮರೀಬೇಡಿ. −2ಎಕ್ಸ್ ಕೆಳಗಿಳಿಸಿ ಮತ್ತೆ ಅದೇ ಕೆಲಸ. ಭಾಗಲಬ್ಧ ಎಕ್ಸ್² + 2ಎಕ್ಸ್ + 2, ಶೇಷ 9. ತಾಳೆ ನೋಡಬೇಕಾ? ಎಕ್ಸ್ ಜಾಗಕ್ಕೆ ಸುಮ್ನೆ 2 ಹಾಕಿ: 8 − 4 + 5 = 9.

12ನೇ ಶತಮಾನದಲ್ಲೇ ಬಾಗ್ದಾದಿನ ಅಲ್-ಸಮಾವಲ್ ಗುಣಕಗಳನ್ನು ಕೋಷ್ಟಕದಲ್ಲಿಟ್ಟು ಬಹುಪದೋಕ್ತಿಗಳನ್ನು ಭಾಗಿಸುತ್ತಿದ್ದ. ಕಂಪ್ಯೂಟರ್ ಮಾಡುವುದೂ ಹೆಚ್ಚುಕಮ್ಮಿ ಅದನ್ನೇ, ಗುಣಕ 0 ಅಥವಾ 1 ಮಾತ್ರ. ಅದಕ್ಕೆ 1011 ಎಂದರೆ ಎಕ್ಸ್³ + ಎಕ್ಸ್ + 1. ಈ ಲೆಕ್ಕದಲ್ಲಿ 1 + 1 = 0. ಕೂಡುವುದೂ ಕಳೆಯುವುದೂ ಒಂದೇ, ಹಾಗಾಗಿ ಚಿಹ್ನೆಯ ತಕರಾರೇ ಇಲ್ಲ. ಮಕ್ಕಳಿಗೂ ಹೀಗೇ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು, ಅಲ್ವಾ?

1101 ಕಳಿಸಬೇಕು ಅಂದುಕೊಳ್ಳಿ. ಕೊನೆಗೆ ಮೂರು ಸೊನ್ನೆ ಸೇರಿಸಿ 1011ರಿಂದ ಭಾಗಿಸಿದರೆ ಶೇಷ 001. ಸೊನ್ನೆಗಳ ಜಾಗಕ್ಕೆ ಅದನ್ನಿಟ್ಟು 1101001 ಕಳಿಸುತ್ತಾರೆ. ಆ ಕಡೆ ಮತ್ತೆ 1011ರಿಂದ ಭಾಗಿಸುತ್ತಾರೆ. ಏನಾದರೂ ಶೇಷ ಉಳಿದರೆ ಸಂದೇಶ ದಾರಿಯಲ್ಲಿ ಕೆಟ್ಟಿದೆ ಎಂದರ್ಥ.

1961ರಲ್ಲಿ ವೆಸ್ಲಿ ಪೀಟರ್ಸನ್ ರೂಪಿಸಿದ ಈ ಉಪಾಯಕ್ಕೆ ಸಿಆರ್‌ಸಿ (ಸೈಕ್ಲಿಕ್ ರಿಡಂಡೆನ್ಸಿ ಚೆಕ್) ಎಂದು ಹೆಸರು. ಬಾಹ್ಯಾಕಾಶ ಸಂವಹನದ ಅಂತರರಾಷ್ಟ್ರೀಯ ಮಾನದಂಡಗಳಲ್ಲಿ ಬರುವ ಒಂದು ಭಾಜಕ ಎಕ್ಸ್¹⁶ + ಎಕ್ಸ್¹² + ಎಕ್ಸ್⁵ + 1. ಒಂದೇ ಕಡೆ, 16 ಬಿಟ್‌ಗಳ (ಬಿಟ್ ಎಂದರೆ 0 ಅಥವಾ 1ರ ಒಂದು ಅಂಕಿ) ಒಳಗೆ ಆದ ಯಾವ ಹಾನಿಯೂ ಇದರ ಕಣ್ಣು ತಪ್ಪಿಸಲಾರದು.

ಪುಟ್ಟ 1011ಕ್ಕೆ ಅಷ್ಟು ಶಕ್ತಿ ಇಲ್ಲ. ನಮ್ಮ 1101001 ದಾರಿಯಲ್ಲಿ 1100010 ಆಗಿಬಿಟ್ಟರೂ ಶೇಷ ಸೊನ್ನೆಯೇ ಬರುತ್ತದೆ. ಕೆಟ್ಟಿದ್ದು ಮೂರು ಬಿಟ್, ಪತ್ತೆಯಾಗಿದ್ದು ಒಂದೂ ಇಲ್ಲ.