ಎಳೆಗೂಸಿನ ರಕ್ತದ ಸಕ್ಕರೆ: 47ರ ಗೆರೆ ಬಂದದ್ದೆಲ್ಲಿಂದ?

ಹುಟ್ಟಿ ಎರಡು ಗಂಟೆಯಾದ ಕೂಸಿನ ಹಿಮ್ಮಡಿ ಚುಚ್ಚಿ ತೆಗೆದ ಒಂದು ಹನಿ ರಕ್ತವನ್ನು ಗ್ಲುಕೋಮೀಟರಿನ ಪಟ್ಟಿಗೆ ತಾಗಿಸಿದಾಗ 44 ಎಂದು ತೋರಿಸಿದರೆ, ಬಾಣಂತಿಯ ಹಾಲು ಸಾಲದೆಂದು ಪುಡಿ ಹಾಲು ತರಿಸುವುದುಂಟು. ಡೆಸಿಲೀಟರಿಗೆ 47 ಮಿಲಿಗ್ರಾಂ ಇರಲೇಬೇಕೆಂಬ ಆ ಗೆರೆ ಎದೆಹಾಲು ಕುಡಿಯುವ ಆರೋಗ್ಯವಂತ ಶಿಶುಗಳನ್ನು ನೋಡಿ ಎಳೆದದ್ದಲ್ಲ.

ಹೊಕ್ಕುಳಬಳ್ಳಿ ಕತ್ತರಿಸಿದೊಡನೆ ತಾಯಿಯಿಂದ ಬರುತ್ತಿದ್ದ ಗ್ಲೂಕೋಸ್ ನಿಲ್ಲುತ್ತದೆ. ಒಂದೆರಡು ಗಂಟೆಗಳಲ್ಲಿ ಮಟ್ಟ ತೀರ ಇಳಿದು, ಯಕೃತ್ತು ಕೂಡಿಟ್ಟುಕೊಂಡ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನು ಕರಗಿದಂತೆ ಮತ್ತೆ ಏರುತ್ತದೆ. ಈ ಇಳಿತವನ್ನು ಅಮೆರಿಕದ ಹಾರ್ಟ್‌ಮನ್ ಮತ್ತು ಜಾಡನ್ 1937ರಲ್ಲೇ ವರ್ಗೀಕರಿಸಿದ್ದರು. 1959ರಲ್ಲಿ ಮಾರ್ವಿನ್ ಕಾರ್ನ್‌ಬ್ಲಾತ್, ಸಕ್ಕರೆ ಕುಸಿದು ರೋಗಲಕ್ಷಣ ತೋರಿದ ಶಿಶುಗಳನ್ನು ವರದಿ ಮಾಡಿದ ಮೇಲೆ ವೈದ್ಯರಲ್ಲಿ ಆತಂಕ ಹೆಚ್ಚಿತು, ಅದು ನ್ಯಾಯವಾದ ಆತಂಕವೇ.

ಬ್ರಿಟನ್ನಿನ ಆಲನ್ ಲ್ಯೂಕಾಸ್ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿದ್ದವು ಅವಧಿಗೆ ಮುನ್ನ ಹುಟ್ಟಿದ, 1,850 ಗ್ರಾಂಗಿಂತ ಕಡಿಮೆ ತೂಕದ 661 ಶಿಶುಗಳು. ಹಲವು ದಿನ ಸಕ್ಕರೆ ಲೀಟರಿಗೆ 2.6 ಮಿಲಿಮೋಲ್‌ಗಿಂತ, ಅಂದರೆ ಡೆಸಿಲೀಟರಿಗೆ ಸುಮಾರು 47 ಮಿಲಿಗ್ರಾಂಗಿಂತ, ಕೆಳಗಿದ್ದವರ ಬುದ್ಧಿ ಮತ್ತು ಚಲನೆಯ ಬೆಳವಣಿಗೆ ಹಿಂದುಳಿದಿತ್ತು. ಅಷ್ಟು ಬಡಕಲಾದ, ದಿನಗಟ್ಟಲೆ ಏರಿಳಿತ ಕಂಡ ಕೂಸುಗಳ ಅಂಕಿಯನ್ನು ತುಂಬು ತಿಂಗಳಿಗೆ ಹುಟ್ಟಿ ಚುರುಕಾಗಿ ಮೊಲೆ ಚೀಪುವ ಕೂಸಿಗೂ ಅನ್ವಯಿಸಿದ್ದರಿಂದ ಎಷ್ಟೋ ತಾಯಂದಿರು ತಮ್ಮ ಹಾಲಿನ ಮೇಲೆ ನಂಬಿಕೆ ಕಳೆದುಕೊಂಡರು ಎಂದೇ ನನ್ನ ಅಭಿಪ್ರಾಯ.

1992ರಲ್ಲಿ ಜೇನ್ ಹಾಡನ್ ಮತ್ತು ಸಂಗಡಿಗರು ತೋರಿಸಿದ್ದು ಬೇರೆಯದೇ ಚಿತ್ರ: ಎದೆಹಾಲಿನ ಶಿಶುಗಳ ರಕ್ತದಲ್ಲಿ ಮೊದಲ ದಿನಗಳಲ್ಲಿ ಗ್ಲೂಕೋಸ್ ಕಡಿಮೆಯಿದ್ದರೂ ಕೊಬ್ಬು ಕರಗಿ ಹುಟ್ಟುವ ಕೀಟೋನ್ ಹೆಚ್ಚಿರುತ್ತದೆ, ಮಿದುಳು ಅದನ್ನು ಇಂಧನವಾಗಿ ಬಳಸಿಕೊಳ್ಳಬಲ್ಲದು. ಆರೋಗ್ಯವಂತ, ತುಂಬು ತಿಂಗಳ ಎದೆಹಾಲಿನ ಶಿಶುಗಳಿಗೆ ವಾಡಿಕೆಯ ತಪಾಸಣೆಯಾಗಲಿ, ಮೇಲುಹಾಲಾಗಲಿ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆಯ 1997ರ ಪರಿಶೀಲನೆಯೂ ಹೇಳಿತು.

ಸಕ್ಕರೆ ಕಾಯಿಲೆಯ ತಾಯಿಯ ಮಗು, ದಿನ ತುಂಬದ ಮಗು, ತೀರ ಚಿಕ್ಕ ಅಥವಾ ತೀರ ದಪ್ಪ ಮಗು ಈ ಮಾತಿಗೆ ಸೇರುವುದಿಲ್ಲ. ಇನ್ಸುಲಿನ್ ಹೆಚ್ಚಿದ್ದರೆ ಕೀಟೋನ್ ಕೂಡ ಹುಟ್ಟುವುದಿಲ್ಲವಾದ್ದರಿಂದ ಅವರ ರಕ್ತವನ್ನು ಪರೀಕ್ಷಿಸಲೇಬೇಕು. ಮಂಕಾದ, ಹಾಲು ಬಿಟ್ಟ, ಫಿಟ್ಸ್ ಬಂದ ಯಾವ ಕೂಸನ್ನೂ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಮೇಲೆ ಹೇಳಿದ ಅಪಾಯದ ಗುಂಪಿಗೆ ಸೇರಿ ಸಕ್ಕರೆ ಇಳಿದ ಶಿಶುಗಳ ಕೆನ್ನೆಯ ಒಳಭಾಗಕ್ಕೆ ಶೇ. 40ರ ಡೆಕ್ಸ್‌ಟ್ರೋಸ್ ಜೆಲ್ ಸವರಿ, ಕೂಡಲೇ ಎದೆಗೆ ಹಚ್ಚುವ ವಿಧಾನವನ್ನು ನ್ಯೂಜಿಲೆಂಡಿನ ಹ್ಯಾಮಿಲ್ಟನ್‌ನಲ್ಲಿ ಪರೀಕ್ಷಿಸಿ 2013ರಲ್ಲಿ ವರದಿ ಮಾಡಲಾಯಿತು. ಎರಡು ವಾರಗಳ ನಂತರ ನೋಡಿದಾಗ, ಜೆಲ್ ಪಡೆದವರಲ್ಲಿ ಪುಡಿ ಹಾಲಿಗೆ ತಿರುಗಿದವರು ಕಡಿಮೆಯಿದ್ದರು.