ವಸಂತ ಮತ್ತು ಶರತ್ಕಾಲದ ಸೈಕಲ್ ಸವಾರಿಗೆ ಎಂಥ ಜಾಕೆಟ್ ಬೇಕು?

ಪ್ರಶ್ನೆ: ನೆದರ್‌ಲೆಂಡ್ಸ್‌ನ ಐಂಡ್‌ಹೋವನ್‌ನಲ್ಲಿ ವಾಸವಾಗಿದ್ದೇನೆ, ಪಕ್ಕದ ವೆಲ್ಡ್‌ಹೋವನ್‌ನಲ್ಲಿರುವ ಕಚೇರಿಗೆ ಸೈಕಲ್‌ನಲ್ಲಿಯೇ ಹೋಗಿಬರುತ್ತೇನೆ. ಏಪ್ರಿಲ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಬೆಳಿಗ್ಗೆ ಜಾಕೆಟ್ ಇಲ್ಲದೆ ಹೊರಟರೆ ಚಳಿ ತಡೆಯಲಾಗುವುದಿಲ್ಲ. ಹಾಕಿಕೊಂಡರೆ ಕಚೇರಿ ಸೇರುವಷ್ಟರಲ್ಲಿ ಅಂಗಿ ಬೆವರಿನಿಂದ ತೊಯ್ದಿರುತ್ತದೆ. ಅಂಗಡಿಗಳಲ್ಲಿ 10,000, 20,000 ಎಂಬ ಅಂಕಿಗಳನ್ನು ಹೊತ್ತ ‘ಬ್ರೀದಬಲ್’ (ಬೆವರಿನ ಆವಿಯನ್ನು ಹೊರಬಿಡುವ) ಮಳೆ ಜಾಕೆಟ್‌ಗಳು ಸಿಗುತ್ತವೆ. ಹೆಚ್ಚಿನ ಅಂಕಿ ಇರುವುದನ್ನೇ ಕೊಳ್ಳಬೇಕೆ?

ಉತ್ತರ: ಆ ಅಂಕಿಯನ್ನು ನಂಬಿ ಹಣ ಸುರಿಯುವ ಅಗತ್ಯವಿಲ್ಲ. ನೀವು ವಿವರಿಸಿರುವ ಹವೆಗೆ ಬೇಕಾದುದು ಮಳೆಯನ್ನು ತಡೆಯುವ ಜಾಕೆಟ್ ಅಲ್ಲ. ಎದೆ ಮತ್ತು ತೋಳುಗಳ ಮುಂಭಾಗದಲ್ಲಿ ಗಾಳಿಯನ್ನು ತಡೆದು, ಬೆನ್ನು ಮತ್ತು ಕಂಕುಳುಗಳ ಕಡೆಯಿಂದ ಒಳಗಿನ ಬಿಸಿಗಾಳಿಯನ್ನು ಹೊರಬಿಡುವ ತೆಳುವಾದ ವಿಂಡ್ ಜಾಕೆಟ್. ಮಳೆಗೆ ಬೇರೆಯೇ ಒಂದು ಜಾಕೆಟ್ ಇರಲಿ, ಅದು ಚೀಲದಲ್ಲಿರಲಿ. ಈ ಎರಡು ಕೆಲಸಗಳನ್ನೂ ಒಂದೇ ಬಟ್ಟೆಯಿಂದ ಮಾಡಿಸಲು ಹೊರಡುವುದೇ ನಿಮ್ಮ ತೊಂದರೆಯ ಮೂಲ ಎಂಬುದು ನನ್ನ ಅಭಿಪ್ರಾಯ.

ಇದಕ್ಕೆ ಕಾರಣ ನಮ್ಮ ದೇಹದಲ್ಲಿಯೇ ಇದೆ. ಪೆಡಲ್ ತುಳಿಯುವಾಗ ದೇಹವು ವ್ಯಯಿಸುವ ಶಕ್ತಿಯಲ್ಲಿ ಸುಮಾರು ಶೇ. 20ರಿಂದ 25ರಷ್ಟು ಮಾತ್ರ ಪೆಡಲಿಗೆ ತಲುಪುತ್ತದೆ, ಉಳಿದುದೆಲ್ಲ ಶಾಖವಾಗುತ್ತದೆ. ಕಚೇರಿಗೆ ಹೋಗುವ ಸಾಧಾರಣ ವೇಗದಲ್ಲಿ 100 ವಾಟ್‌ನಷ್ಟು ಶಕ್ತಿಯನ್ನು ಪೆಡಲಿಗೆ ಕೊಡುವ ವ್ಯಕ್ತಿಯ ಮೈಯಿಂದ 300ರಿಂದ 400 ವಾಟ್‌ನಷ್ಟು ಶಾಖ ಹೊರಹೋಗಬೇಕಾಗುತ್ತದೆ. ಒಂದು ಗ್ರಾಂ ಬೆವರು ಆವಿಯಾಗುವಾಗ ಸುಮಾರು 2,400 ಜೂಲ್‌ಗಳಷ್ಟು ಶಾಖವನ್ನು ಹೊತ್ತೊಯ್ಯುತ್ತದೆ. ಅಂದರೆ 300 ವಾಟ್ ಶಾಖವೆಲ್ಲವೂ ಬೆವರಿನ ಮೂಲಕವೇ ಹೋಗಬೇಕೆಂದರೂ ಗಂಟೆಗೆ ಅರ್ಧ ಲೀಟರಿಗಿಂತ ಸ್ವಲ್ಪ ಕಡಿಮೆ ನೀರು ಸಾಕು.

ಈಗ ಅಂಗಡಿಯ ಅಂಕಿಗೆ ಬನ್ನಿ. 10,000 ಎಂದರೆ ಒಂದು ಚದರ ಮೀಟರ್ ಬಟ್ಟೆಯ ಮೂಲಕ 24 ಗಂಟೆಗಳಲ್ಲಿ 10,000 ಗ್ರಾಂ ನೀರಾವಿ ಹಾದುಹೋಗುತ್ತದೆ ಎಂದರ್ಥ. (ಜಲನಿರೋಧಕ ಗುಣವನ್ನು ಸೂಚಿಸುವ ಇನ್ನೊಂದು 10,000 ಸಹ ಅದೇ ಚೀಟಿಯಲ್ಲಿರುತ್ತದೆ; ಅದು ಬಟ್ಟೆ ತಡೆಯಬಲ್ಲ ನೀರಿನ ಕಂಬದ ಎತ್ತರ, ಮಿಲಿಮೀಟರ್‌ಗಳಲ್ಲಿ. ಮಾರುವವರೂ ಕೆಲವೊಮ್ಮೆ ಇವೆರಡನ್ನು ಕಲಸಿಬಿಡುತ್ತಾರೆ.) ಗಂಟೆಗೆ ಲೆಕ್ಕ ಹಾಕಿದರೆ ಇದು ಸುಮಾರು 416 ಗ್ರಾಂ. ಕಾಗದದ ಮೇಲೆ ಇಷ್ಟು ಹೆಚ್ಚುಕಡಿಮೆ ಸಾಲಬೇಕು. ಆದರೂ ನಿಮ್ಮ ಅಂಗಿ ಒದ್ದೆಯಾಗುತ್ತಿದೆ.

ಏಕೆಂದರೆ ಪ್ರಯೋಗಾಲಯದ ಸ್ಥಿತಿಯೇ ಬೇರೆ, ರಸ್ತೆಯ ಸ್ಥಿತಿಯೇ ಬೇರೆ. ಜಲನಿರೋಧಕ ಜಾಕೆಟ್‌ನೊಳಗಿನ ಪೊರೆಯು ನೀರಾವಿಯನ್ನು ತಾನಾಗಿ ಹೊರದಬ್ಬುವುದಿಲ್ಲ. ಒಳಗಿನ ಆವಿಯ ಒತ್ತಡ ಹೊರಗಿನದಕ್ಕಿಂತ ಎಷ್ಟು ಹೆಚ್ಚಿದೆಯೋ ಅಷ್ಟು ಮಾತ್ರ ಆವಿ ಹೊರಗೆ ಸಾಗುತ್ತದೆ. ಹದಿನೈದು ಡಿಗ್ರಿಯ ತೇವಭರಿತ ಸಂಜೆಯಲ್ಲಿ ಹೊರಗಿನ ಗಾಳಿಯೇ ಆವಿಯಿಂದ ತುಂಬಿರುವುದರಿಂದ ಈ ವ್ಯತ್ಯಾಸ ಕುಗ್ಗುತ್ತದೆ. ಏಳು ಡಿಗ್ರಿಯ ಬೆಳಗಿನಲ್ಲಿ ವ್ಯತ್ಯಾಸವೇನೋ ದೊಡ್ಡದಿರುತ್ತದೆ, ಆದರೆ ಜಾಕೆಟ್‌ನ ಒಳಮೈ ತಣ್ಣಗಿರುವುದರಿಂದ ಆವಿಯು ಪೊರೆಯನ್ನು ದಾಟುವ ಮೊದಲೇ ಅಲ್ಲಿ ಹನಿಗಟ್ಟುತ್ತದೆ. ಇದರ ಜೊತೆಗೆ, ಒಂದು ತಯಾರಕರ 20,000 ಮತ್ತು ಇನ್ನೊಬ್ಬರ 20,000 ಒಂದೇ ಆಗಿರಬೇಕೆಂದಿಲ್ಲ. ಪರೀಕ್ಷೆಯ ವಿಧಾನಗಳು ಹಲವಾರಿದ್ದು, ಬಟ್ಟೆಗೆ ನೀರು ನೇರವಾಗಿ ತಾಗುವಂತೆ ತಲೆಕೆಳಗಾಗಿಸಿ ಅಳೆಯುವ ವಿಧಾನದಲ್ಲಿ ಅಂಕಿ ಬಹಳ ಮೇಲೇರುತ್ತದೆ. ಹೋಲಿಸಲೇಬೇಕೆಂದಿದ್ದರೆ ಐಎಸ್‌ಒ 11092 ಮಾನದಂಡದ ‘ಆರ್‌ಇಟಿ’ ಮೌಲ್ಯವನ್ನು ಕೇಳಿ. ಇದು ಆವಿಗೆ ಬಟ್ಟೆ ಒಡ್ಡುವ ತಡೆಯಾದ್ದರಿಂದ ಅಂಕಿ ಕಡಿಮೆಯಿದ್ದಷ್ಟೂ ಒಳ್ಳೆಯದು. ಆರಕ್ಕಿಂತ ಕಡಿಮೆಯಿದ್ದರೆ ಅತ್ಯುತ್ತಮ, ಆರರಿಂದ ಹದಿಮೂರರವರೆಗೆ ಒಳ್ಳೆಯದು, ಇಪ್ಪತ್ತನ್ನು ದಾಟಿದರೆ ಸೈಕಲ್ ತುಳಿಯಲು ತಕ್ಕುದಲ್ಲ.

ಆವಿ ಹಾಯುವುದಕ್ಕೂ ಗಾಳಿ ಹಾಯುವುದಕ್ಕೂ ಇರುವ ಅಂತರವೇ ಇಲ್ಲಿ ನಿರ್ಣಾಯಕ. ಗಾಳಿ ಹಾದುಹೋಗುವ ಬಟ್ಟೆಯಲ್ಲಿ ಆವಿಯು ಪೊರೆಯ ಸೂಕ್ಷ್ಮ ರಂಧ್ರಗಳಲ್ಲಿ ನುಸುಳಬೇಕಾಗಿಲ್ಲ; ಗಾಳಿಯೇ ಅದನ್ನು ಎತ್ತಿಕೊಂಡು ಹೋಗುತ್ತದೆ. ಇದನ್ನು ಅಳೆಯುವ ಮಾಪನವೂ ಇದೆ, ಆದರೆ ಚೀಟಿಯ ಮೇಲೆ ಅಚ್ಚಾಗಿರುವುದು ಅಪರೂಪ. ಅಂಗಡಿಯಲ್ಲಿ ನಿಂತೇ ಮಾಡಬಹುದಾದ ಪರೀಕ್ಷೆಯೆಂದರೆ, ಬಟ್ಟೆಯನ್ನು ತುಟಿಗೆ ಒತ್ತಿಕೊಂಡು ಊದುವುದು. ಎದೆಯ ಭಾಗದಲ್ಲಿ ಜೋರಾಗಿ ಊದಿದಾಗ ಸ್ವಲ್ಪವೇ ಗಾಳಿ ಆಚೆಗೆ ಹೋಗಬೇಕು. ಬೆನ್ನಿನ ಭಾಗದಲ್ಲಿ ಪ್ರಯಾಸವಿಲ್ಲದೆ ಹೋಗಬೇಕು. ಎರಡೂ ಕಡೆ ಕಿಂಚಿತ್ತೂ ಹೋಗದಿದ್ದರೆ ಚೀಟಿಯಲ್ಲಿ ಏನೇ ಬರೆದಿದ್ದರೂ ಅದನ್ನು ಮರಳಿ ತೂಗುಹಾಕಿ.

ನಿಮ್ಮ ದಾರಿಯ ವಿಷಯದಲ್ಲಿ ಇನ್ನೊಂದು ಸಂಗತಿಯೂ ಇದೆ. ನೆದರ್‌ಲೆಂಡ್ಸ್‌ನಲ್ಲಿ ಗಾಳಿ ಹೆಚ್ಚಾಗಿ ನೈಋತ್ಯದಿಂದ ಬೀಸುತ್ತದೆ, ವೆಲ್ಡ್‌ಹೋವನ್ ಇರುವುದೂ ಐಂಡ್‌ಹೋವನ್‌ನ ನೈಋತ್ಯಕ್ಕೆ. ಹಾಗಾಗಿ ಬಹುಪಾಲು ದಿನಗಳಲ್ಲಿ ಚಳಿಯಿರುವ ಬೆಳಿಗ್ಗೆಯೇ ನಿಮಗೆ ಎದುರುಗಾಳಿ, ಬೆಚ್ಚಗಿರುವ ಸಂಜೆಯಲ್ಲಿ ಹಿಂಗಾಳಿ. ಗಂಟೆಗೆ 18 ಕಿಲೋಮೀಟರ್ ವೇಗದಲ್ಲಿ ಸಾಗುವಾಗ 12 ಕಿಲೋಮೀಟರ್‌ನ ಎದುರುಗಾಳಿ ಸೇರಿದರೆ ಎದೆಗೆ ಬಡಿಯುವುದು 30 ಕಿಲೋಮೀಟರ್‌ನ ಗಾಳಿ. ಏಳು ಡಿಗ್ರಿಯ ಹವೆ ಆಗ ಮುಖಕ್ಕೆ ಸುಮಾರು ಮೂರು ಡಿಗ್ರಿಯಂತೆ ತಾಗುತ್ತದೆ. ಮರಳುವಾಗ ಅದೇ ವೇಗಕ್ಕೆ ಅದೇ ಗಾಳಿ ಬೆನ್ನ ಹಿಂದಿದ್ದರೆ ಮೈಗೆ ತಾಗುವುದು ಬರೀ ಆರು ಕಿಲೋಮೀಟರ್‌ನ ತಂಗಾಳಿ. ಬೆವರು ಆರುವುದೇ ಇಲ್ಲ. ಆದ್ದರಿಂದ ಬೆಳಗಿನ ಚಳಿಗೆ ತಕ್ಕಂತೆ ಮಾತ್ರ ಜಾಕೆಟ್ ಆರಿಸಿದರೆ ಸಂಜೆ ಅದು ಹೊರೆಯಾಗುತ್ತದೆ. ಅದನ್ನು ಮಡಚಿದರೆ ಮುಷ್ಟಿಯಷ್ಟಾಗಿ ಜೇಬಿನಲ್ಲಿ ಅಡಗುವಂತಿರುವುದು, ನನ್ನ ಮಟ್ಟಿಗೆ, ಬಟ್ಟೆಯ ಯಾವ ಅಂಕಿಗಿಂತಲೂ ಮುಖ್ಯ.

ಎದೆಯನ್ನು ಮಾತ್ರ ಕಾಪಾಡಿಕೊಂಡರೆ ಸಾಕೆಂಬ ತಿಳಿವಳಿಕೆ ಹೊಸದಲ್ಲ. ಯುರೋಪಿನ ಹಳೆಯ ರೇಸ್ ಸವಾರರು ಪರ್ವತದ ನೆತ್ತಿಯಲ್ಲಿ ನಿಂತವರಿಂದ ವೃತ್ತಪತ್ರಿಕೆ ಪಡೆದು, ಜರ್ಸಿಯೊಳಗೆ ಎದೆಯ ಮೇಲೆ ತುರುಕಿಕೊಂಡು ಇಳಿಜಾರನ್ನು ಇಳಿಯುತ್ತಿದ್ದರು. ಕಾಗದ ಗಾಳಿಯನ್ನು ತಡೆಯುತ್ತಿತ್ತು, ಬೆನ್ನು ತೆರೆದೇ ಇರುತ್ತಿತ್ತು. ಇತ್ತೀಚಿನ ಉದಾಹರಣೆ ಇಟಲಿಯಲ್ಲಿ ನಡೆದ 2013ರ ಮಾರ್ಚ್‌ನ ಮಿಲಾನ್–ಸ್ಯಾನ್ ರೆಮೊ ರೇಸ್. ಹಿಮ ಸುರಿದು ಮಧ್ಯದ ಒಂದು ಭಾಗವನ್ನು ಬಸ್ಸಿನಲ್ಲಿ ದಾಟಬೇಕಾಗಿ ಬಂದ ಆ ದಿನ, ಬೇರೆ ಬೇರೆ ತಂಡಗಳ ಸವಾರರು ತಮ್ಮ ಪ್ರಾಯೋಜಕರದಲ್ಲದ, ಕ್ಯಾಸ್ಟೆಲಿ ಎಂಬ ಸೈಕಲ್ ಉಡುಪಿನ ಕಂಪನಿಯ ‘ಗಾಬಾ’ ಎಂಬ ಮೈಗಂಟುವ ಗಾಳಿತಡೆ ಜರ್ಸಿಯನ್ನು ಧರಿಸಿ, ಅದರ ಲಾಂಛನವನ್ನು ಮಸಿಯಿಂದ ಮುಚ್ಚಿಕೊಂಡಿದ್ದರು. ಬೆಂಗಳೂರಿನಿಂದ ಭಾನುವಾರ ನಸುಕಿನಲ್ಲಿ ನಂದಿ ಬೆಟ್ಟಕ್ಕೆ ಹೊರಡುವ ಸವಾರರಿಗೂ ಇದೇ ಲೆಕ್ಕ ಅನ್ವಯಿಸುತ್ತದೆ: 1,478 ಮೀಟರ್ ಎತ್ತರದ ಆ ಬೆಟ್ಟವನ್ನು ಏರುವಾಗ ಜಾಕೆಟ್ ಬೇಡವೇ ಬೇಡ, ಬೆವರಿದ ಮೈಯಲ್ಲಿ ಇಳಿಯುವಾಗ ಅದಿಲ್ಲದೆ ಆಗದು. ಅಂಥವರಿಗೆ ತೋಳಿಲ್ಲದ ವಿಂಡ್ ವೆಸ್ಟ್ ಸಾಕು.

ಅಳತೆಯನ್ನು ನೇರ ನಿಂತು ನೋಡಬೇಡಿ. ಹ್ಯಾಂಡಲ್ ಹಿಡಿದಂತೆ ಕೈಗಳನ್ನು ಮುಂದೆ ಚಾಚಿ, ಸೊಂಟ ಬಗ್ಗಿಸಿ ನೋಡಿ: ತೋಳು ಮಣಿಕಟ್ಟನ್ನು ಮುಚ್ಚಬೇಕು, ಹಿಂಭಾಗ ಸೊಂಟದ ಕೆಳಗೆ ಇಳಿದಿರಬೇಕು, ಮುಂಭಾಗ ಬುಟ್ಟಿಯಂತೆ ಉಬ್ಬಿ ನಿಲ್ಲಬಾರದು. ಗಾಳಿಗೆ ಪಟಪಟ ಬಡಿಯುವ ಸಡಿಲ ಜಾಕೆಟ್ ವೇಗವನ್ನೂ ತಿನ್ನುತ್ತದೆ, ಸವಾರನ ತಾಳ್ಮೆಯನ್ನೂ ತಿನ್ನುತ್ತದೆ. ಜಿಪ್ ಕೆಳಗಿನಿಂದಲೂ ತೆರೆಯುವಂತಿದ್ದರೆ ಒಳ್ಳೆಯದು. ಗ್ಲೌಸ್ ಹಾಕಿದ ಒಂದೇ ಕೈಯಿಂದ, ಓಡುತ್ತಿರುವಾಗಲೇ ಎಳೆಯಲು ಬರಬೇಕು. ಮೈಯ ತಾಪವನ್ನು ಹೆಚ್ಚು ಕಡಿಮೆ ಮಾಡುವ ನಿಮ್ಮ ಮುಖ್ಯ ಉಪಕರಣ ಜಿಪ್ಪೇ ಹೊರತು ಬಟ್ಟೆಯಲ್ಲ.

ನೀವು ಬರೆದಿಲ್ಲ, ಆದರೆ ಕಚೇರಿಗೆ ಹೋಗುವವರಾದ್ದರಿಂದ ಲ್ಯಾಪ್‌ಟಾಪ್ ಬೆನ್ನುಚೀಲದಲ್ಲಿಯೇ ಇರಬಹುದು ಎಂದು ಊಹಿಸುತ್ತೇನೆ. ಹಾಗಿದ್ದರೆ ಬೆನ್ನಿನ ಜಾಲರಿ ಬಟ್ಟೆಗೆ ಕೊಟ್ಟ ಹಣ ವ್ಯರ್ಥ, ಏಕೆಂದರೆ ಬೆವರು ಹೊರಹೋಗಬೇಕಾದ ಜಾಗವನ್ನು ಚೀಲವೇ ಮುಚ್ಚಿರುತ್ತದೆ. ಕ್ಯಾರಿಯರ್‌ಗೆ ನೇತುಹಾಕುವ ಚೀಲವನ್ನು ಕೊಳ್ಳಿ. ಎಷ್ಟೋ ಜನರಿಗೆ ಈ ಒಂದು ಬದಲಾವಣೆಯಿಂದಲೇ ಹೊಸ ಜಾಕೆಟ್‌ನ ಅಗತ್ಯ ತಪ್ಪುತ್ತದೆ. ಬೆನ್ನುಚೀಲ ಬಿಡಲಾಗದಿದ್ದರೆ ಕಂಕುಳ ಕೆಳಗೆ ಮತ್ತು ಪಕ್ಕೆಗಳಲ್ಲಿ ಗಾಳಿಕಂಡಿಯಿರುವ ಜಾಕೆಟ್ ಆರಿಸಿ.

ಒಳಗಿನ ಅಂಗಿ ಹತ್ತಿಯದಾಗಿರಬಾರದು. ಹತ್ತಿ ಬೆವರನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಕೆಂಪು ದೀಪದ ಮುಂದೆ ನಿಂತ ಕೂಡಲೇ ಆ ಒದ್ದೆ ತಣ್ಣಗಾಗುತ್ತದೆ. ತೆಳುವಾದ ಮೆರಿನೊ ಉಣ್ಣೆ ಅಥವಾ ಪಾಲಿಯೆಸ್ಟರ್ ಧರಿಸಿ, ಕಚೇರಿಯ ಅಂಗಿಯನ್ನು ಚೀಲದಲ್ಲಿ ಒಯ್ಯಿರಿ. ಐದರಿಂದ ಎಂಟು ಡಿಗ್ರಿಯಲ್ಲಿ ಉದ್ದ ತೋಳಿನ ದಪ್ಪ ಜರ್ಸಿಯ ಮೇಲೆ ವಿಂಡ್ ಜಾಕೆಟ್, ಹದಿಮೂರರವರೆಗೆ ತೆಳು ಜರ್ಸಿಯ ಮೇಲೆ ಅದೇ ಜಾಕೆಟ್, ಅದಕ್ಕಿಂತ ಬೆಚ್ಚಗಿದ್ದರೆ ವೆಸ್ಟ್ ಸಾಕು. ಮನೆಯಿಂದ ಹೊರಟ ಮೊದಲ ಹತ್ತು ನಿಮಿಷ ಸ್ವಲ್ಪ ಚಳಿಯೆನಿಸುವುದೇ ಸರಿಯಾದ ಉಡುಪಿನ ಗುರುತು. ಬಾಗಿಲಲ್ಲಿಯೇ ಬೆಚ್ಚಗಿದ್ದರೆ ದಾರಿಯಲ್ಲಿ ಬೆವರುವುದು ಖಚಿತ.

ಈ ಮಾತೆಲ್ಲ ಸಾಮಾನ್ಯ ಸೈಕಲ್‌ಗೆ. ಅಲ್ಲಿ ಬಹಳ ಮಂದಿ ಬಳಸುವ ಇ-ಬೈಕ್ ನಿಮ್ಮದಾಗಿದ್ದರೆ ಲೆಕ್ಕ ತಿರುವುಮುರುವಾಗುತ್ತದೆ: ಮೋಟಾರು ಗಂಟೆಗೆ 25 ಕಿಲೋಮೀಟರ್‌ವರೆಗೆ ನೆರವಾಗುವುದರಿಂದ ಗಾಳಿ ಹೆಚ್ಚು, ಮೈಯ ಶಾಖ ಕಡಿಮೆ. ಅಂಥವರು ದಪ್ಪನೆಯ ಸಾಫ್ಟ್‌ಶೆಲ್ (ಗಾಳಿ ತಡೆಯುವ, ಮೃದುವಾದ ಬೆಚ್ಚನೆಯ ಜಾಕೆಟ್) ಕೊಳ್ಳುವುದೇ ಲೇಸು.

ಮಳೆಯ ಜಾಕೆಟ್‌ನ ವಿಷಯದಲ್ಲಿ ಒಂದು ಸೂಚನೆ. ಅದರ ಹೊರಮೈಯ ನೀರು ಜಾರಿಸುವ ಲೇಪ ಸವೆದಾಗ ಬಟ್ಟೆ ನೀರು ಕುಡಿದು, ಆವಿ ಹೊರಹೋಗುವ ದಾರಿಯೇ ಮುಚ್ಚಿಹೋಗುತ್ತದೆ. ಜಾಕೆಟ್ ಸೋರುತ್ತಿದೆ ಎಂದು ಜನ ದೂರುವಾಗ ಒಳಗಿರುವುದು ಎಷ್ಟೋ ಸಲ ಅವರದೇ ಬೆವರು. ಒಗೆಯುವಾಗ ಫ್ಯಾಬ್ರಿಕ್ ಕಂಡಿಷನರ್ ಹಾಕಬೇಡಿ, ಸೋಪಿನ ಅಂಶ ಉಳಿಯದಂತೆ ಜಾಲಿಸಿ, ಚೀಟಿಯಲ್ಲಿ ಅನುಮತಿಯಿದ್ದರೆ ಡ್ರೈಯರ್‌ನಲ್ಲಿ ಹಗುರ ಬಿಸಿಗೆ ಒಣಗಿಸಿ. ಲೇಪ ಪೂರ್ತಿ ಸವೆದಿರದಿದ್ದರೆ ಆ ಬಿಸಿಗೆ ಮತ್ತೆ ಚುರುಕಾಗುತ್ತದೆ. ಅಷ್ಟಾದ ಮೇಲೂ ಹನಿಗಳು ಮೇಲೆ ಮುತ್ತುಗಟ್ಟದೆ ಬಟ್ಟೆಯಲ್ಲಿ ಇಂಗುತ್ತಿದ್ದರೆ, ಹೊಸದನ್ನು ಕೊಳ್ಳುವ ಮೊದಲು ಅಂಗಡಿಯಲ್ಲಿ ಸಿಗುವ ಲೇಪದ ದ್ರಾವಣವನ್ನು ಒಮ್ಮೆ ಸಿಂಪಡಿಸಿ ನೋಡಿ.