ಚಕ್ರಕ್ಕಿಂತ ಮೊದಲು ಫ್ರೇಮ್

ಮೌಂಟನ್ ಬೈಕ್ ಕೊಳ್ಳಲು ಬರುವವರು ಈಗೀಗ ಬೆಲೆಗಿಂತ ಮೊದಲು ಚಕ್ರದ ಅಳತೆ ಕೇಳುತ್ತಾರೆ. “ಅಣ್ಣಾ, ಇಪ್ಪತ್ತೊಂಬತ್ತರದ್ದೇ ತೋರಿಸಿ” ಎಂಬುದು ತುಮಕೂರಿನ ನನ್ನ ಅಂಗಡಿಯಲ್ಲಿ ಕಾಲೇಜು ಹುಡುಗರ ಬಾಯಲ್ಲಿ ಸದಾ ಕೇಳುವ ಮಾತು. 26 ಇಂಚಿನ ಚಕ್ರ ಹಳೆಯದು, 27.5 ಪರವಾಗಿಲ್ಲ, 29 ಉತ್ತಮ ಎಂದು ಅಂಕಿಗಳನ್ನೇ ದರ್ಜೆಯಾಗಿ ಓದಿಕೊಂಡು ಬಂದಿರುತ್ತಾರೆ. ಅವು ದರ್ಜೆಗಳಲ್ಲ. ನಿಮ್ಮ ಮೈಗೆ ಹೊಂದುವ ಫ್ರೇಮ್ ಯಾವುದೆಂದು ಮೊದಲು ತೀರ್ಮಾನವಾಗಬೇಕು. ಚಕ್ರದ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಉಳಿದರ್ಧ ಟೈರಿನಲ್ಲಿದೆ.

26, 27.5, 29 ಎಂಬುವು ವ್ಯಾಪಾರದ ಹೆಸರುಗಳು. ಟೈರು ಕೂರುವ ಜಾಗದಲ್ಲಿ ರಿಮ್‌ನ ನಿಜವಾದ ವ್ಯಾಸ ಕ್ರಮವಾಗಿ 559, 584 ಮತ್ತು 622 ಮಿಲಿಮೀಟರ್. ಈ ಮೂರನ್ನು ಪಕ್ಕಪಕ್ಕ ಬರೆದು ನೋಡಿ. 27.5 ಎಂಬುದು ಸರಿಯಾಗಿ ನಡುಮಧ್ಯದ ಅಳತೆಯಲ್ಲ. 26ಕ್ಕಿಂತ 25 ಮಿ.ಮೀ. ಮಾತ್ರ ದೊಡ್ಡದು, 29ಕ್ಕಿಂತ 38 ಮಿ.ಮೀ. ಚಿಕ್ಕದು. 26 ಬಿಟ್ಟು 27.5ಕ್ಕೆ ಬಂದವರ ಸೈಕಲ್ಲಿನ ಅಚ್ಚು ನೆಲದಿಂದ ಮೇಲೇರುವುದು ಒಂದೂಕಾಲು ಸೆಂಟಿಮೀಟರ್ ಅಷ್ಟೇ.

ದೊಡ್ಡ ಚಕ್ರ ಹೊಸ ಶೋಧನೆಯೆಂದು ತಿಳಿಯುವುದೂ ಸರಿಯಲ್ಲ. ನಮ್ಮ ಹಿರಿಯರು ಹಾಲಿನ ಕ್ಯಾನು, ತೆಂಗಿನಕಾಯಿ ಮೂಟೆ ಹೇರಿಕೊಂಡು ಓಡಿಸಿದ 28 ಇಂಚಿನ ಕಪ್ಪು ಸೈಕಲ್ಲಿನ ರಿಮ್ 635 ಮಿ.ಮೀ. ಇತ್ತು, ಇಂದಿನ 29ರ ರಿಮ್‌ಗಿಂತ ದೊಡ್ಡದು. ಅದರ ಟೈರು ತೆಳುವಾದುದರಿಂದ ಚಕ್ರದ ಒಟ್ಟು ಎತ್ತರ ಮಾತ್ರ ಸ್ವಲ್ಪ ಕಡಿಮೆ. ಇನ್ನು 26 ಇಂಚು ಬೆಟ್ಟದ ಸೈಕಲ್ಲಿಗೆ ಬಂದದ್ದು ಲೆಕ್ಕಾಚಾರದಿಂದಲ್ಲ. ಅಮೆರಿಕದಲ್ಲಿ ಶ್ವಿನ್ ಕಂಪನಿ 1933ರಲ್ಲಿ ತಂದ ದಪ್ಪ ಟೈರಿನ ಸೈಕಲ್ಲುಗಳಿಗೆ ಆ ಚಕ್ರವಿತ್ತು. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಯುವಕರು ಬೆಟ್ಟ ಇಳಿಯಲು ಅಂಥ ಹಳೆಯ ಸೈಕಲ್ಲುಗಳನ್ನೇ ಹಿಡಿದರು. ಕೈಗೆ ಸಿಕ್ಕ ಚಕ್ರವೇ ಮೂರು ದಶಕ ನಿಯಮವಾಗಿ ನಿಂತಿತು. 29ರ ಅಗಲ ಟೈರು ಮಾರುಕಟ್ಟೆಗೆ ಬಂದದ್ದು 1999ರಲ್ಲಿ.

ದೊಡ್ಡ ಚಕ್ರದಿಂದ ಲಾಭವಿಲ್ಲವೇ? ಇದೆ, ಖಂಡಿತ ಇದೆ. ಆದರೆ ಎಷ್ಟು ಎಂದು ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ಎಂಟು ಸೆಂಟಿಮೀಟರ್ ಎತ್ತರದ ಕಲ್ಲೊಂದು ದಾರಿಗೆ ಅಡ್ಡ ಬಂದಿದೆ ಎನ್ನಿ. 2.1 ಇಂಚು ಅಗಲದ ಟೈರು ಹಾಕಿದ 26ರ ಚಕ್ರ ಅದಕ್ಕೆ ಸುಮಾರು 41 ಡಿಗ್ರಿ ಕೋನದಲ್ಲಿ ತಾಗುತ್ತದೆ, 27.5ರದು 40, 29ರದು 39. ವ್ಯತ್ಯಾಸ ಎರಡೇ ಡಿಗ್ರಿ. ಒಂದು ಕಲ್ಲಿನಲ್ಲಿ ಇದು ಗೊತ್ತಾಗುವುದೇ ಇಲ್ಲ. ಗುಂಡುಕಲ್ಲು ಹರಡಿದ ದಾರಿಯಲ್ಲಿ, ಮಳೆ ನೀರು ಕೊರೆದ ಗರಸು ನೆಲದಲ್ಲಿ ಇಂಥ ತಡೆ ಸಾವಿರ ಸಲ ಬರುವಾಗ ಮಾತ್ರ 29ರ ಓಟ ನಿಲ್ಲದೆ ಸಾಗುವುದು ಕಾಲಿಗೆ ತಿಳಿಯುತ್ತದೆ. ಬಸದಿ ಬೆಟ್ಟ, ಮೈದಾಳದ ಸುತ್ತಿನ ಮಣ್ಣು ದಾರಿಗಳಲ್ಲಿ ವಾರಾಂತ್ಯ ಕಳೆಯುವ ಎತ್ತರದ ಸವಾರರಿಗೆ ನಾನು 29ರದ್ದನ್ನೇ ಹೇಳುತ್ತೇನೆ. (ದೇವರಾಯನದುರ್ಗದಲ್ಲಿ ಡಾಂಬರು ರಸ್ತೆ ಬಿಟ್ಟು ಕಾಡಿಗೆ ಇಳಿಯುವುದಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ಚಕ್ರ ಎಷ್ಟೇ ದೊಡ್ಡದಿರಲಿ, ಈ ಮಾತನ್ನು ಮರೆಯಬೇಡಿ.)

ಲಾಭಕ್ಕೆ ತೆರಬೇಕಾದ ಬೆಲೆಯೂ ಇದೆ. ಚಕ್ರ ದೊಡ್ಡದಾದರೆ ಗೇರು ಭಾರವಾಗುತ್ತದೆ. 27.5ರಿಂದ 29ಕ್ಕೆ ಹೋದರೆ ಪ್ರತಿ ಗೇರೂ ಸುಮಾರು ಶೇಕಡಾ 5ರಷ್ಟು ಬಿಗಿಯಾಗುತ್ತದೆ. ಹಿಂದಿನ ಚಕ್ರದ 28 ಹಲ್ಲಿನ ಗೇರಿನಲ್ಲಿ ಏರುತ್ತಿದ್ದವರಿಗೆ ಅದೇ ಹಗುರ ಸಿಗಲು 30 ಹಲ್ಲು ಬೇಕು. ದುಬಾರಿ ಸೈಕಲ್ಲಿನಲ್ಲಿ ಹಿಂದೆ 50 ಹಲ್ಲಿನವರೆಗೂ ಇರುವುದರಿಂದ ತೊಂದರೆಯಿಲ್ಲ. ಏಳು ಗೇರಿನ ಅಗ್ಗದ ಸೈಕಲ್ಲಿನಲ್ಲಿ ದೊಡ್ಡ ಹಲ್ಲೇ 28ಕ್ಕೆ ಮುಗಿದಿರುತ್ತದೆ. ದೇವರಾಯನದುರ್ಗದ ಏರಿನಲ್ಲಿ ಅಂಥವರು ಇಳಿದು ತಳ್ಳುವುದನ್ನು ನೋಡುತ್ತಲೇ ಇರುತ್ತೇನೆ. ಜೊತೆಗೆ ಕಡ್ಡಿಗಳು ಉದ್ದವಾದಷ್ಟೂ ಚಕ್ರ ಅಡ್ಡಕ್ಕೆ ಹೆಚ್ಚು ಬಾಗುತ್ತದೆ. ಕಡಿಮೆ ಬೆಲೆಯ 29ರ ಸೈಕಲ್ಲುಗಳ ಚಕ್ರ ಬೆಂಡು ತೆಗೆಸಲು ನನ್ನಲ್ಲಿಗೆ ಮತ್ತೆ ಮತ್ತೆ ಬರುತ್ತದೆ. ಹಣ ಬಿಗಿಯಾಗಿದ್ದರೆ ಗಟ್ಟಿಯಾದ 27.5ರ ಚಕ್ರ ಸಡಿಲವಾದ 29ಕ್ಕಿಂತ ಎಷ್ಟೋ ಮೇಲು.

ಇನ್ನು ಮೈಯ ಮಾತು. ಐದಡಿ ಎರಡು ಇಂಚಿನ ಹೆಣ್ಣುಮಗಳಿಗೆ 29ರ ಸೈಕಲ್ ಕೊಟ್ಟು ಕಳಿಸಿರುವುದನ್ನು ಕಂಡಾಗ ನನಗೆ ಸಿಟ್ಟು ಬರುತ್ತದೆ. ಚಿಕ್ಕ ಫ್ರೇಮಿಗೆ ದೊಡ್ಡ ಚಕ್ರ ಕೂರಿಸಿದರೆ ಹ್ಯಾಂಡಲ್ ಎದೆಯತ್ತ ಏರುತ್ತದೆ, ತಿರುವಿನಲ್ಲಿ ಪಾದದ ತುದಿ ಮುಂದಿನ ಟೈರಿಗೆ ತಾಗಬಹುದು. ಸೀಟಿನ ಮೇಲೆ ಕುಳಿತು, ಪೆಡಲುಗಳನ್ನು ನೆಲಕ್ಕೆ ಸಮಾನಾಂತರವಾಗಿ ನಿಲ್ಲಿಸಿ, ಹ್ಯಾಂಡಲ್ ಪೂರ್ತಿ ತಿರುಗಿಸಿ ನೋಡಿ. ಆಮೇಲೆ ಇಳಿದು, ಮೇಲಿನ ಪೈಪಿನ ಎರಡೂ ಬದಿಗೆ ಕಾಲೂರಿ ನಿಲ್ಲಿ. ಪೈಪಿಗೂ ಮೈಗೂ ನಡುವೆ ಕನಿಷ್ಠ ಎರಡು ಇಂಚು ಉಳಿಯಬೇಕು. ಹಲವು ಕಂಪನಿಗಳು ತಮ್ಮ ಚಿಕ್ಕ ಫ್ರೇಮುಗಳಿಗೆ 27.5, ದೊಡ್ಡವಕ್ಕೆ 29 ಹಾಕಿಯೇ ಕಳಿಸುವುದು ಇದೇ ಕಾರಣಕ್ಕೆ. ಐದಡಿ ನಾಲ್ಕು ಇಂಚಿನ ಒಳಗಿದ್ದರೆ ನಾನು ಮೊದಲು ತೋರಿಸುವುದು 27.5. ಐದಡಿ ಎಂಟು ಇಂಚು ದಾಟಿದವರಿಗೆ 29. ನಡುವಿನವರು ಎರಡನ್ನೂ ಓಡಿಸಿ ನೋಡಬೇಕು. ಹತ್ತು ವರ್ಷದ ಮಗುವಿಗೆ 24 ಇಂಚಿನದೇ ಸರಿ. ಬೆಳೆಯುತ್ತಾನಲ್ಲ ಎಂದು ದೊಡ್ಡದು ಕೊಡಿಸಬೇಡಿ.

2012ರ ಲಂಡನ್ ಒಲಿಂಪಿಕ್ಸ್‌ನ ಪುರುಷರ ಮೌಂಟನ್ ಬೈಕ್ ಕ್ರಾಸ್ ಕಂಟ್ರಿ ಸ್ಪರ್ಧೆಯಲ್ಲಿ ಜೆಕ್ ಗಣರಾಜ್ಯದ ಯಾರೊಸ್ಲಾವ್ ಕುಲ್ಹಾವಿ 29ರಲ್ಲಿ ಚಿನ್ನ ಗೆದ್ದರು, ಸ್ವಿಟ್ಜರ್ಲೆಂಡಿನ ನೀನೋ ಶುರ್ಟರ್ 27.5ರಲ್ಲಿ ಬೆಳ್ಳಿ. ಒಂದೂವರೆ ಗಂಟೆಯ ಓಟದ ಕೊನೆಗೆ ಇಬ್ಬರ ನಡುವೆ ಇದ್ದ ಅಂತರ ಒಂದು ಸೆಕೆಂಡ್. ಮುಂದೆ ಶುರ್ಟರ್ ಕೂಡ 29ಕ್ಕೆ ಬಂದರು ನಿಜ. ಆದರೆ ಆ ಮಟ್ಟದಲ್ಲಿ ಸೆಕೆಂಡುಗಳನ್ನು ಎಣಿಸುವವರ ಆಯ್ಕೆ ಬೆಳಿಗ್ಗೆ ಅಮಾನಿಕೆರೆ ಸುತ್ತುವವರಿಗೆ ಅಳತೆಗೋಲಾಗಬೇಕಿಲ್ಲ. ಮುಂದೆ 29, ಹಿಂದೆ 27.5 ಇರುವ ಸೈಕಲ್ಲುಗಳೂ ಇವೆ. ಅವು ಕಡಿದಾದ ಇಳಿಜಾರಿನ ಪಂದ್ಯಗಳಿಗೆ, ನಮ್ಮ ದಾರಿಗಳಿಗೆ ಬೇಕಿಲ್ಲ.

ಟೈರಿನ ಗಾಳಿ ಮಾಡುವ ವ್ಯತ್ಯಾಸದ ಮುಂದೆ, ಕಲ್ಲಿಗೆ ತಾಗುವ ಕೋನದ ಆ ಎರಡು ಡಿಗ್ರಿ ಏನೂ ಅಲ್ಲ. ಪಂಕ್ಚರ್ ಅಂಗಡಿಯ ಕಂಪ್ರೆಸರಿನಿಂದ 50, 60 ಪಿಎಸ್‌ಐ ಒತ್ತಡದ ಗಾಳಿ ತುಂಬಿಸಿಕೊಂಡು ಗರಸಿಗೆ ಇಳಿಯುವವರೇ ಹೆಚ್ಚು. ಅಷ್ಟು ಬಿಗಿ ಟೈರು ಕಲ್ಲಿನ ಮೇಲೆ ಪುಟಿಯುತ್ತದೆ, ಮಣ್ಣನ್ನು ಹಿಡಿಯುವುದಿಲ್ಲ. ಸವಾರರ ತೂಕ 65 ಕಿಲೋ, ಟೈರಿನ ಅಗಲ 2.2 ಇಂಚು ಎಂದಾದರೆ, ಟ್ಯೂಬು ಇರುವ ಚಕ್ರಕ್ಕೆ ಹಿಂದೆ 30, ಮುಂದೆ 27ರಿಂದ ಶುರುಮಾಡಿ. ರಿಮ್ ಕಲ್ಲಿಗೆ ಬಡಿದ ಸದ್ದು ಬಂದರೆ ಎರಡೆರಡು ಏರಿಸಿ. ಅಳತೆ ತೋರಿಸುವ ಪಂಪು ಮನೆಯಲ್ಲಿರಲಿ. ನಮ್ಮ ಕಡೆಯ ಇನ್ನೊಂದು ಕಾಟ ಜಾಲಿ ಮುಳ್ಳು. ಟ್ಯೂಬ್‌ಲೆಸ್ ಮಾಡಿಸಿ ಒಳಗೆ ತೂತು ಮುಚ್ಚುವ ಸೀಲೆಂಟ್ ದ್ರವ ಹಾಕಿಸುವುದು ಒಳ್ಳೆಯ ದಾರಿ, ರಿಮ್ ಮತ್ತು ಟೈರು ಎರಡೂ ಅದಕ್ಕೆ ಹೊಂದುವಂತಿದ್ದರೆ ಮಾತ್ರ. ಬೇಸಿಗೆಯಲ್ಲಿ ಆ ದ್ರವ ಬೇಗ ಒಣಗುತ್ತದೆ, ಎರಡು ಮೂರು ತಿಂಗಳಿಗೊಮ್ಮೆ ತೆಗೆದು ನೋಡಿಸಬೇಕು.

ಟೈರು ಕೊಳ್ಳುವಾಗ ಇಂಚು ಹೇಳಿ ಸುಮ್ಮನಾಗಬೇಡಿ. 26 ಇಂಚಿನ ಹೆಸರಿನಲ್ಲೇ ಹಲವು ಅಳತೆಗಳಿವೆ: 26 x 2.1 ಎಂದು ದಶಾಂಶದಲ್ಲಿ ಬರೆದ ಮೌಂಟನ್ ಬೈಕ್ ಟೈರು 559ರ ರಿಮ್‌ಗೆ, 26 x 1½ ಎಂದರೆ 584ಕ್ಕೆ, 26 x 1⅜ ಎಂದರೆ 590ಕ್ಕೆ. ಒಂದು ಇನ್ನೊಂದಕ್ಕೆ ಕೂರುವುದಿಲ್ಲ. ಟೈರಿನ ಪಕ್ಕದಲ್ಲಿ 54-559 ಎಂಬಂಥ ಅಂಕಿ ಇರುತ್ತದೆ. ಮೊದಲನೆಯದು ಅಗಲ, ಎರಡನೆಯದು ರಿಮ್‌ನ ವ್ಯಾಸ. ಮೊಬೈಲಿನಲ್ಲಿ ಅದರ ಫೋಟೊ ತೆಗೆದುಕೊಂಡು ಅಂಗಡಿಗೆ ಹೋಗಿ. ಟ್ಯೂಬು ಅಷ್ಟು ಹಟಮಾರಿಯಲ್ಲ. ದೂರದಲ್ಲಿ ಕೈಕೊಟ್ಟಾಗ 26ರ ಟ್ಯೂಬು 27.5ರೊಳಗೆ, 27.5ರದು 29ರೊಳಗೆ ಹಿಗ್ಗಿ ಮನೆ ಮುಟ್ಟಿಸುತ್ತದೆ.

ಮನೆಯಲ್ಲಿ ಒಳ್ಳೆಯ ಫ್ರೇಮಿನ ಹಳೆಯ 26 ಸೈಕಲ್ ಇದ್ದರೆ ಹೊಸದಕ್ಕೆ ಹಣ ಸುರಿಯುವ ಮೊದಲು ಅದಕ್ಕೆ ಅಗಲವಾದ ಟೈರು ಹಾಕಿಸಿ ಓಡಿಸಿ ನೋಡಿ. ಮುಂದಿನ ಫೋರ್ಕ್‌ನಲ್ಲೂ ಹಿಂದಿನ ಪೈಪುಗಳ ನಡುವೆಯೂ ಟೈರಿನ ಎರಡೂ ಬದಿಗೆ 6 ಮಿ.ಮೀ. ಜಾಗ ಉಳಿಯಬೇಕು. 2.2 ಹಾಕಿದಾಗ ಅಷ್ಟು ಉಳಿಯದಿದ್ದರೆ 2.0 ಸಾಕು.